ಹಾಯಿ ಕಂಬ ಹತ್ತಿದ ಬಾವಿ ರಾಟೆ

ಮುತ್ತನ ಗ್ರಹಚಾರಕ್ಕೆಲ್ಲ ಅಂಗೈಯಗಲದ ಒಂದು ಕಬ್ಬಿಣದ ರಾಟೆಯೇ ಕಾರಣ. ಅದು ಅವನ ಹಾಯಿ ದೋಣಿಯ ಕಂಬದ ತುದಿಯಲ್ಲಿತ್ತು. ಅದರ ಮೇಲೆ ಹಗ್ಗ ಓಡಿದರೆ ಹಾಯಿ ಏರಬೇಕು. ಆ ಬೆಳಿಗ್ಗೆ ಮುತ್ತ ಹಗ್ಗ ಜಗ್ಗಿದರೆ ಹಾಯಿ ಏರಲಿಲ್ಲ, ಕಂಬವೇ ಬಗ್ಗಿ ಅವನಿಗೆ ನಮಸ್ಕಾರ ಮಾಡಿತು. ರಾಟೆ ತುಕ್ಕು ಹಿಡಿದು, ಗಂಜಿ ಉಂಡು ಮಲಗಿದ ಗಂಡಸಿನ ಹಾಗೆ ಮಿಸುಕದೆ ಕೂತಿತ್ತು.

ನಾವುಂದದಲ್ಲಿ ಎಲ್ಲರೂ ದೋಣಿಗೆ ಇಂಜಿನ್ ಕೂರಿಸಿ ಯಾವುದೋ ಕಾಲವಾಗಿತ್ತು. ಮುತ್ತ ಮಾತ್ರ ಅಪ್ಪ ಬಿಟ್ಟುಹೋದ ಹಾಯಿ ದೋಣಿಯನ್ನೇ ಹಿಡಿದುಕೊಂಡಿದ್ದ. ಈಗ ಅದಕ್ಕೂ ಒಂದು ಯೋಗ ಬಂದಿತ್ತು. ಮರವಂತೆ ಕಡೆ ಹೊಸದಾಗಿ ಎದ್ದ ರೆಸಾರ್ಟಿಗೆ ಹಳೇ ಹಾಯಿ ದೋಣಿ ಬೇಕಂತೆ, ದೋಣಿಯ ಜೊತೆ ನಡೆಸುವವನಿಗೂ ಕಾಯಂ ಕೆಲಸವಂತೆ. ಸಂಜೆ ನಾಲ್ಕಕ್ಕೆ ಮೆನೇಜರು ನೋಡಲು ಬರುವವರಿದ್ದರು. ಕೆಲಸ ಸಿಕ್ಕಿದರೆ ಊರಲ್ಲೇ ಅನ್ನ. ಸಿಗದಿದ್ದರೆ ಮುಂದಿನ ವಾರ ಮಲ್ಪೆಯ ಟ್ರಾಲ್ ಬೋಟು: ಹತ್ತು ದಿನ ಆಳ ಸಮುದ್ರ, ಹತ್ತು ದಿನವೂ ವಾಂತಿ. ಮೀನುಗಾರನ ಹೊಟ್ಟೆಯಲ್ಲಿ ಹುಟ್ಟಿ ಸಮುದ್ರ ಕಂಡರೆ ಕಾರುವವನು ಕಾರವಾರದಿಂದ ಕಾಸರಗೋಡಿನ ತನಕ ಅವನೊಬ್ಬನೇ.

ಪಕ್ಕದ ಮನೆ ಗುಡ್ಡ ಬಂದು ಕತ್ತೆತ್ತಿ ನೋಡಿದ. ಬೊಂಬಾಯಿ ಬಂದರಿನಲ್ಲಿ ಇಪ್ಪತ್ತು ವರ್ಷ ಹಡಗಿನ ಕೆಲಸ ಮಾಡಿದೆ ಎನ್ನುವ ಮನುಷ್ಯ. ಬಂದರಿನ ಕ್ಯಾಂಟೀನಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಎಂದು ಅವನ ಹೆಂಡತಿಯೇ ಹೇಳುತ್ತಾಳೆ.

“ಇದ್ ಖತಂ ಮಾರಾಯ. ಹೊಸತ್ ಹಾಕ್ಕ್. ಕಂಬ ಅಲ್ಲಾಡ್ದಂಗೆ ತಂತಿಯೂ ಬದ್ಲ್ ಮಾಡ್ಕ್,” ಎಂದು ತೀರ್ಪು ಕೊಟ್ಟ.

ಮುತ್ತ ಬಸ್ಸು ಹತ್ತಿ ಕುಂದಾಪುರಕ್ಕೆ ಓಡಿದ. ಅಂಗಡಿಯಲ್ಲಿದ್ದದ್ದು ಟ್ರಾಲ್ ಬೋಟಿನ ರಾಟೆ, ಆನೆಗೆ ಮೂಗುತಿ ಮಾಡಿಸುವಷ್ಟು ದೊಡ್ಡದು. ಬರಿಗೈಯಲ್ಲಿ ತಿರುಗಿ ಬರುವಾಗ ಅವನ ಕಣ್ಣು ಕೇರಿಯ ಅಪ್ಪಿಯಕ್ಕನ ಬಾವಿಯ ಮೇಲೆ ಬಿತ್ತು. ಅಲ್ಲಿ ಅವಳ ಮಾವನ ಕಾಲದ ಹಲಸಿನ ಮರದ ರಾಟೆ. ಶುಕ್ರವಾರ ಶುಕ್ರವಾರ ಎಣ್ಣೆ ಕುಡಿದು ಬೆಣ್ಣೆಯ ಹಾಗೆ ತಿರುಗುವಂಥದ್ದು. ಅಪ್ಪಿಯಕ್ಕ ಮೀನಿನ ಬುಟ್ಟಿ ಹೊತ್ತು ಕಿರಿಮಂಜೇಶ್ವರಕ್ಕೆ ಹೋಗಿದ್ದಳು. ಅವಳು ಬರುವುದರೊಳಗೆ ತಿರುಗಿ ಇಟ್ಟರಾಯಿತು ಎಂದುಕೊಂಡು ಮುತ್ತ ಅದನ್ನು ಬಿಚ್ಚಿಕೊಂಡ.

ತಂತಿ ಸಿಕ್ಕಿದ್ದು ಅವನ ಮನೆಯ ಅಂಗಳದಲ್ಲೇ. ಒಣಗಲು ಹಾಕಿದ್ದ ಬಟ್ಟೆಗಳು ಮರಳಿಗೆ ಬಿದ್ದದ್ದನ್ನು ಕಂಡು ಹೆಂಡತಿ ಜಲಜ ದೋಣಿ ನಿಂತಿದ್ದ ಹೊಳೆಯ ತನಕ ಅಟ್ಟಿಸಿಕೊಂಡು ಬಂದಳು.

“ಹ್ವಾಯ್, ನನ್ ಸೀರಿ ಇನ್ನ್ ನಿಮ್ ಮೀಸಿ ಮೇಲೆ ಒಣ್ಗ್ಸುದಾ?”

ಗುಡ್ಡ ದಡದಲ್ಲಿ ನಿಂತು ಅಪ್ಪಣೆ ಕೊಡುತ್ತ ಹೋದ, ಮುತ್ತ ಕಂಬ ಇಳಿಸಿ, ರಾಟೆ ಕಟ್ಟಿ, ತಂತಿ ಬಿಗಿದು, ಕಂಬ ನಿಲ್ಲಿಸಿದ. ಹಗ್ಗ ಎಳೆದರೆ ಹಾಯಿ ಸರ್ರನೆ ಏರಿತು.

ಅಷ್ಟರಲ್ಲಿ ಬಂದಳು ಅಪ್ಪಿಯಕ್ಕ. ಮೀನು ಬೇಗ ಖರ್ಚಾಗಿತ್ತು. ಅವಳು ಬಾಯಿ ಬಿಟ್ಟರೆ ಬೈಂದೂರಿನ ಕಾಗೆ ಹಾರಿ ಭಟ್ಕಳದಲ್ಲಿ ಕೂರುತ್ತದೆ. ಐದು ಮನೆಯವರು ಕುಡಿಯುವ ಬಾವಿಯ ರಾಟೆ ಕದ್ದವನ ಏಳು ತಲೆಮಾರನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತ ಅವಳು ನೀರಿಗಿಳಿದಳು.

ಮುತ್ತ ದಿಕ್ಕು ತೋಚದೆ, ಸಂಜೆಗೆಂದು ಇಟ್ಟಿದ್ದ ತೆಂಗಿನಕಾಯಿಯನ್ನು ಆಗಲೇ ದೋಣಿಯ ಮೂತಿಗೆ ಒಡೆದುಬಿಟ್ಟ. ಕಾಯಿ ಒಡೆದ ಮೇಲೆ ದೋಣಿ ಒಮ್ಮೆ ಹೋಗಿ ಬರುವ ತನಕ ಅದರಿಂದ ಒಂದು ಮೊಳೆಯನ್ನೂ ತೆಗೆಯುವಂತಿಲ್ಲ. ಅದು ಆ ಕೇರಿಯ ಕಟ್ಟಳೆ. ನಲವತ್ತು ವರ್ಷ ಮೀನುಗಾರನ ಮನೆಯಲ್ಲಿ ಬಾಳಿದ ಅಪ್ಪಿಯಕ್ಕ ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

“ಆಯ್ತ್ ಮಗಾ. ಹೋಯ್ ಬಾ. ಆಮೇಲ್ ಕಾಣ್ತೆ ನಿನ್ನ,” ಎಂದು ದಡದ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರತೊಡಗಿದಳು.

ನಾಲ್ಕಕ್ಕೆ ಕಾರು ಬಂತು. ಮುತ್ತ ಹಾಯಿ ಏರಿಸಿದ. ಮೆನೇಜರು ಕತ್ತೆತ್ತಿ ನೋಡಿದವರು ಕಣ್ಣು ಕೀಳಲಿಲ್ಲ. ಕೆಲಸ ಸಿಕ್ಕಿತೆಂದು ಮುತ್ತ ಜಲಜಳ ಕಡೆ ನೋಡಿ ಮೀಸೆ ತಿರುವಿದ.

“ಚಂದ ಇದೆ. ನಾನು ಹುಡುಕುತ್ತಿದ್ದದ್ದು ಇದೇ,” ಎಂದರು ಮೆನೇಜರು. “ದೋಣಿ ಅಲ್ಲ, ಆ ಮರದ ರಾಟೆ. ದೋಣಿ ಮೊನ್ನೆಯೇ ಫೈಬರಿನದ್ದು ಬಂತು, ನಿಮಗೆ ಹೇಳಿ ಕಳಿಸಲು ಮರೆತು ಈಗ ನಾನೇ ಹೇಳಲು ಬಂದೆ.”

ರೆಸಾರ್ಟಿನ ಬಾಗಿಲಲ್ಲಿ ಚಂದಕ್ಕೆಂದು ಒಂದು ಬಾವಿ ಕಟ್ಟಿಸಿದ್ದಾರಂತೆ. ನೀರಿಲ್ಲದ ಬಾವಿ. ಬಂದವರು ಅದರೆದುರು ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಅಪ್ಪಿಯಕ್ಕ ಎಲೆಯಡಿಕೆ ಉಗಿದು ಎದ್ದು ನಿಂತಳು.

“ರಾಟಿ ನನ್ದ್. ಕೊಡ್ತೆ. ಆರೆ ರಾಟಿ ಇದ್ರ್ ಸಾಕಾ ಒಡೆಯಾ? ಎಳುಕ್ ಒಂದ್ ಜನ ಬ್ಯಾಡ್ದಾ?”

ಮೆನೇಜರು ಅವಳ ಸೊಂಟದ ಬುಟ್ಟಿ, ಕೆಂಪು ಬಾಯಿ, ಮೇಲೆತ್ತಿ ಕಟ್ಟಿದ ಸೀರೆ ಎಲ್ಲ ನೋಡಿದರು. ಇದಕ್ಕಿಂತ ಒಳ್ಳೆಯ ಫೋಟೋ ಎಲ್ಲಿ ಸಿಗುತ್ತದೆ? ಕಾಯಂ ಕೆಲಸ ನಿಂತ ನಿಲುವಿನಲ್ಲೇ ಗಟ್ಟಿಯಾಯಿತು.

ಮೆನೇಜರು ರಾಟೆ ಇಳಿಸಲು ಹೇಳಿದರೆ ಅಪ್ಪಿಯಕ್ಕನೇ ತಡೆದಳು. “ಕಾಯಿ ಒಡ್ದಿತ್ತ್. ದೋಣಿ ಹೋಯ್ ಬರ್ದೆ ತೆಗುಕ್ ಆತಿಲ್ಲೆ.”

ಅಷ್ಟು ಹೊತ್ತಿಗೆ ಹೊಳೆಯ ನೀರು ಇಳಿದು ದೋಣಿ ಕೆಸರಿನಲ್ಲಿ ಕೂತಿತ್ತು. ತನಗಿಲ್ಲದ ಕೆಲಸಕ್ಕಾಗಿ ಮುತ್ತ ತೊಡೆಯುದ್ದ ಕೆಸರಿನಲ್ಲಿ ದೋಣಿಯನ್ನು ನಡುಹೊಳೆಯ ತನಕ ನೂಕಿಕೊಂಡು ಹೋದ, ನೂಕಿಕೊಂಡು ಬಂದ. ಗುಡ್ಡ ದಡದಿಂದಲೇ ಎಡ ಬಲ ಹೇಳಿದ. ಆಮೇಲೆ ಮುತ್ತನೇ ಕಂಬ ಇಳಿಸಿ, ರಾಟೆ ಬಿಚ್ಚಿ, ಒರೆಸಿ ಕಾರಿನಲ್ಲಿಟ್ಟ.

ಮರುದಿನ ಬೆಳಿಗ್ಗೆ ಅಪ್ಪಿಯಕ್ಕನ ಬಾವಿಯ ಮೇಲೆ ಮುತ್ತನ ತುಕ್ಕು ರಾಟೆ ನೇತಾಡುತ್ತಿತ್ತು. ಅದು ತಿರುಗುತ್ತಿರಲಿಲ್ಲ. ಒಂದು ಕೊಡ ಮೇಲೆ ಬರುವಷ್ಟರಲ್ಲಿ ಮುತ್ತನ ಉಸಿರು ಪಾತಾಳಕ್ಕೆ ಇಳಿದಿರುತ್ತಿತ್ತು. ಇಸ್ತ್ರಿ ಮಾಡಿದ ಸೀರೆಯುಟ್ಟ ಅಪ್ಪಿಯಕ್ಕ, ರೆಸಾರ್ಟಿನ ಖಾಲಿ ಬಾವಿಯಿಂದ ಖಾಲಿ ಕೊಡ ಎಳೆಯಲು ಹೊರಟವಳು, ಕಟ್ಟೆಯ ಬಳಿ ನಿಂತಳು.

“ಮಲ್ಪೆಗ್ ಹೋಪಲ್ಲಿವರೆಗೆ ಐದ್ ಮನಿಗೂ ನೀನೇ ತುಂಬ್ಸ್ ಮಗಾ,” ಎಂದಳು. “ನಂಗೆ ಬಸ್ಸಿಗ್ ಹೊತ್ತಾಯ್ತ್.”