ಫಲಕವಿಲ್ಲದ ನೆಗೆತ

ಗ್ರೌನ್‌ಟಾಲ್ ಕಣಿವೆಯ ಚಳಿಗಾಲದ ಕ್ರೀಡಾ ಸಂಘದ ಹದಿನಾಲ್ಕನೆಯ ನಿಯಮದಂತೆ, ಸ್ಪರ್ಧೆಯ ಫೋಟೋದಲ್ಲಿ ಪ್ರಾಯೋಜಕರ ಫಲಕ ಕಾಣದಿದ್ದಲ್ಲಿ ಆ ನೆಗೆತ ನಡೆದಿರುವುದಿಲ್ಲ.

ನಿಯಮ ಬಂದದ್ದು ನ್ಯಾಯವಾಗಿಯೇ. ಕಣಿವೆಯ ಚೀಸ್ ಕಂಪನಿಯವರು ಹಿಮದ ದಿಬ್ಬದ ಪಕ್ಕದಲ್ಲಿ ಹನ್ನೆರಡು ಮೀಟರ್ ಉದ್ದದ ಫಲಕ ನಿಲ್ಲಿಸಿದ್ದರು. ಸ್ಕೀ ಮತ್ತು ಸ್ನೋಬೋರ್ಡಿನ ಹುಡುಗ ಹುಡುಗಿಯರೋ, ಹೇಳುವವರು ಕೇಳುವವರು ಇಲ್ಲದಂತೆ ದಿಬ್ಬದಿಂದ ಚಿಮ್ಮಿ ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಹೋಗುತ್ತಿದ್ದರು. ಫೋಟೋದಲ್ಲಿ ಅವರ ಹಿಂದೆ ಬರೀ ಆಕಾಶ. ಆಕಾಶದಿಂದ ಸಂಘಕ್ಕೆ ಚಿಕ್ಕಾಸಿನ ಪ್ರಯೋಜನವಿರಲಿಲ್ಲ.

ಇದರ ಬಿಸಿ ತಟ್ಟಿದ್ದು ಬುರ್ಗಿಗೆ. ಹತ್ತೊಂಬತ್ತು ಚಳಿಗಾಲ ಹಿಮದಲ್ಲಿ ಮಂಡಿಯೂರಿ ಫೋಟೋ ತೆಗೆದವಳು. ಸ್ಪರ್ಧೆಯ ಬೇಲಿ ದಾಟಿ ಒಳಗೆ ಹೋಗಲು ಛಾಯಾಗ್ರಾಹಕರಿಗೆ ಬೇಕಾದ ತೋಳಿಲ್ಲದ ಹಳದಿ ಅಂಗಿ, ಏಳನೇ ನಂಬರಿನದು, ಅವಳದು. ಅವಳದೊಂದು ಹಠವಿತ್ತು: ಬೀಳದೆ ಇಳಿದವರ ಫೋಟೋ ಮಾತ್ರ ಇಟ್ಟುಕೊಳ್ಳುವುದು. ಬಿದ್ದರೆ, ಗಾಳಿಯಲ್ಲಿ ಎಷ್ಟೇ ಚೆಂದ ಕಂಡಿರಲಿ, ಅಲ್ಲೇ ಅಳಿಸುವುದು. ಹಾಗಾಗಿ ಇಳಿದವರು ಮೊದಲು ನೋಡುತ್ತಿದ್ದದ್ದು ತೀರ್ಪುಗಾರರ ಕಡೆಗಲ್ಲ, ಬುರ್ಗಿಯ ಹೆಬ್ಬೆರಳ ಕಡೆಗೆ. ಅದು ಎದ್ದಿತೆಂದರೆ ಇಳಿದದ್ದು ನಿಜ.

ಸಂಘದ ಅಧ್ಯಕ್ಷ ಸೆರಾಫಿನ್ ಅವಳನ್ನು ಬೆಟ್ಟದ ಮೇಲಿನ ಹೋಟೆಲಿಗೆ ಕರೆಸಿದ. ಸಾವಿರ ಮೀಟರ್ ಎತ್ತರ ದಾಟಿದರೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುವುದು ಇಲ್ಲಿಯ ರೂಢಿ. ಇಕ್ಕಟ್ಟಿನ ಮಾತಿದ್ದರೆ ಸಂಘದವರು ತಪ್ಪದೆ ಮೇಲೆ ಹತ್ತಿ ಬರುತ್ತಾರೆ.

“ಹೋದ ಸಲ ಇನ್ನೂರ ಹನ್ನೆರಡು ಫೋಟೋ ತೆಗ್ದಿದೀಯ. ಫಲಕ ಎಷ್ಟರಲ್ಲಿ ಕಾಣ್ತು?”

“ಮೂರರಲ್ಲಿ. ಆ ಮೂವರೂ ಫಲಕಕ್ಕೇ ಹೋಗಿ ಗುದ್ದಿ ಬಿದ್ರು. ಅಳಿಸ್ಬಿಟ್ಟೆ.”

“ಅಯ್ಯೋ ಪುಣ್ಯಾತ್ಗಿತ್ತಿ! ಇದ್ದ ಮೂರನ್ನೂ ಕಳೆದ್ಯಾ?” ಸೆರಾಫಿನ್ ಬ್ರೆಡ್ ಉಂಡೆಯ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಫಲಕಾನೇ ಸ್ವಲ್ಪ ಮೇಲೆ ಏರಿಸಿದ್ರಾಯ್ತಪ್ಪ.”

“ಅದಕ್ಕೆ ಪಾಯ ಹಾಕ್ಸಿದೀವಿ ಕಣೇ. ಹುಡುಗರಿಗೆ ಪಾಯ ಇಲ್ವಲ್ಲ, ಅವರನ್ನ ಸರಿಸೋದೇ ಸುಲಭ.”

ವಾರದೊಳಗೆ ಪ್ರಕಟಣೆ ಹೊರಬಿತ್ತು. “ಸ್ಪರ್ಧೆಯ ಹಿಂದಿನ ದಿನ ಪ್ರತಿಯೊಬ್ಬ ಸ್ಪರ್ಧಿಯನ್ನೂ ಕ್ರೇನಿನಿಂದ ತೂಗುಬಿಟ್ಟು, ಫಲಕದ ಮುಂದೆ, ನೆಗೆತದ ಭಂಗಿಯಲ್ಲಿ ಫೋಟೋ ತೆಗೆಯತಕ್ಕದ್ದು. ಸ್ಪರ್ಧೆಯ ದಿನ ಸ್ಪರ್ಧಿಯು ತನ್ನ ಫೋಟೋದ ಎತ್ತರವನ್ನು ಮೀರತಕ್ಕದ್ದಲ್ಲ. ಒಪ್ಪದ ಛಾಯಾಗ್ರಾಹಕರು ಹಳದಿ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸತಕ್ಕದ್ದು.”

ಬುರ್ಗಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅಂಗಿ ಕೊಡಲಿಲ್ಲ, ಫಿನಿ ತಡೆದಳು. ಫಿನಿ ಹತ್ತೊಂಬತ್ತರ ಸ್ಕೀ ಹುಡುಗಿ. ಎರಡು ಸಲ ಮಂಡಿ ಆಪರೇಷನ್ ಆಗಿದ್ದರೂ ಬಿಟ್ಟವಳಲ್ಲ. ಗೆದ್ದವರಿಗೆ ದೇಶದ ತರಬೇತಿ ತಂಡದಲ್ಲಿ ಜಾಗ, ಅದೂ ಒಂದೇ ಒಂದು.

“ನೀನು ಬೇಲಿ ಒಳಗಿರ್ಬೇಕು ಬುರ್ಗಿ. ನಾನು ಇಳಿದದ್ದನ್ನ ನೀನೇ ನೋಡ್ಬೇಕು,” ಎಂದಳು.

ತೂಗುಬಿಡುವ ಕಾರ್ಯಕ್ರಮ ಶಿಸ್ತಿನಿಂದ ನಡೆಯಿತು. ಕೊರ್ಬಿನಿಯನ್ ಎಂಬ ಸ್ನೋಬೋರ್ಡಿನವನನ್ನು ಎತ್ತುವಾಗ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಕ್ರೇನಿನವನು ಯಂತ್ರ ನಿಲ್ಲಿಸಿ ಊಟದ ಡಬ್ಬಿ ಹಿಡಿದು ಕೆಳಗಿಳಿದ.

“ಲೋ, ನನ್ನ ಇಳಿಸಿ ಹೋಗೋ ಮಾರಾಯ!”

“ಹನ್ನೆರಡು ಅಂದ್ರೆ ಹನ್ನೆರಡು. ಒಂದಕ್ಕೆ ಬರ್ತೀನಿ,” ಎಂದ ಕ್ರೇನಿನವನು. ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ಎಲ್ಲರೂ ಊಟಕ್ಕೆ ಹೋದರು.

ಮರುದಿನ ಫಿನಿ ದಿಬ್ಬದಿಂದ ಚಿಮ್ಮಿದಳು. ಅಬ್ಬಾ, ಅದೆಂಥ ನೆಗೆತ! ಮೂರು ಸುತ್ತು ತಿರುಗಿ, ತೊಟ್ಟಿಲಲ್ಲಿ ಮಗು ಮಲಗಿಸಿದಷ್ಟು ಮೆತ್ತಗೆ ಇಳಿದು, ತಿರುಗಿ ನೋಡಿದಳು. ಬುರ್ಗಿಯ ಹೆಬ್ಬೆರಳು ತಾನಾಗಿ ಎದ್ದಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕ್ಯಾಮೆರಾದ ಹಿಂದೆ ಅವಳ ಕಣ್ಣು ಒದ್ದೆಯಾಯಿತು.

ಸಂಜೆ ಫಲಿತಾಂಶ ಓದಿದರು. ಗಾಳಿಯಲ್ಲಿದ್ದ ಅವಧಿ: ಫಿನಿ, ಎರಡು ಸೆಕೆಂಡು; ಕೊರ್ಬಿನಿಯನ್, ಒಂದು ಗಂಟೆ. ಇದು ಕಣಿವೆಯ ದಾಖಲೆ. ಮೇಲಾಗಿ ಫಿನಿ ತನ್ನ ಫೋಟೋವನ್ನು ನಾಲ್ಕು ಮೀಟರಿನಷ್ಟು ಮೀರಿದ್ದಳು. ತಂಡದ ಜಾಗ ಕೊರ್ಬಿನಿಯನ್‌ಗೆ ಹೋಯಿತು. ಅವನು ಆ ದಿನ ನೆಗೆಯಲೇ ಇಲ್ಲ, ಸೊಂಟ ಹಿಡಿದಿತ್ತು.

ಬುರ್ಗಿ ತನ್ನ ಫೋಟೋ ಹಿಡಿದು ಕಣಿವೆಯ ಕಚೇರಿಗೆ ನುಗ್ಗಿದಳು. ಅದು ಸಾವಿರ ಮೀಟರಿನ ಕೆಳಗಿದ್ದದ್ದರಿಂದ ಸೆರಾಫಿನ್ ಎದ್ದು ನಿಂತು ಬಹುವಚನದಲ್ಲಿ ಬರಮಾಡಿಕೊಂಡ.

“ಕೂತ್ಕೊಳ್ಳಿ ಮೇಡಂ. ಇದರಲ್ಲಿ ಫಲಕ ಎಲ್ಲಿದೆ?”

“ಹುಡುಗಿ ಇದ್ದಾಳಲ್ರೀ! ಕಣ್ಣು ಕಾಣಲ್ವಾ?”

“ಹುಡುಗಿ ಇದ್ದಾಳೆ, ಚೆನ್ನಾಗೇ ಬಂದಿದ್ದಾಳೆ. ನೆಗೆತ ಇಲ್ಲ. ಮುಂದಿನ ವರ್ಷಕ್ಕೂ ಏಳನೇ ನಂಬರ್ ನಿಮ್ಗೇ ಇರ್ಲಿ ಅಂತ ಬರ್ಕೊಂಡಿದೀನಿ, ಅಳಿಸ್ಲಾ?”

ಬುರ್ಗಿ ಬೇಲಿಯ ಹೊರಗೆ ನಿಂತ ತನ್ನನ್ನು ನೆನೆಸಿಕೊಂಡಳು. ಫೋಟೋವನ್ನು ಚೀಲಕ್ಕೆ ಹಾಕಿಕೊಂಡಳು.

ಮುಂದಿನ ಚಳಿಗಾಲ ಫಿನಿ ಮತ್ತೆ ಹೆಸರು ಕೊಟ್ಟಳು. ಬೇಸಿಗೆಯಿಡೀ ಅವಳು ಒಂದು ಸಲವೂ ನೆಗೆದಿರಲಿಲ್ಲ. ಚಿಕ್ಕಪ್ಪನ ಹುಲ್ಲಿನ ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ ನೇತಾಡುವ ಅಭ್ಯಾಸ ಮಾಡಿದ್ದಳು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಕ್ರೇನ್ ಹತ್ತಿದಳು, ಜೇಬಿನಲ್ಲಿ ಬ್ರೆಡ್ಡೂ ಇತ್ತು.

“ಬುರ್ಗಿ, ಕಾಲು ಫಲಕದ ಅಕ್ಷರಕ್ಕೆ ಅಡ್ಡ ಬರ್ತಿದ್ಯಾ?” ಮೇಲಿನಿಂದ ಕೂಗಿದಳು.

“ಎಡಗಾಲು ಸ್ವಲ್ಪ ಮಡಿಚು.”

ಒಂದು ಗಂಟೆ ಐದು ನಿಮಿಷದ ನಂತರ ಕ್ರೇನ್ ಅವಳನ್ನು ಮೆಲ್ಲಗೆ ಇಳಿಸಿತು. ಕಾಲು ಹಿಮಕ್ಕೆ ತಾಗಿತು. ಜನ ಚಪ್ಪಾಳೆ ತಟ್ಟಿದರು. ಫಿನಿ ತಿರುಗಿ, ಹೋದ ವರ್ಷದ್ದೇ ಆಸೆಗಣ್ಣಿನಿಂದ ಬುರ್ಗಿಯ ಕೈಯನ್ನು ನೋಡಿದಳು.

ಬುರ್ಗಿ ಹೆಬ್ಬೆರಳು ಎತ್ತಿದಳು.