ಬಿಸಿನೀರು ಕಾಣದ ಮಂಚ

ಹೋದ ಸಲ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಹಿರಿಯರೊಬ್ಬರು ಊಟಕ್ಕೆ ಮುಂಚೆ ಗವಿಸಿದ್ದಪ್ಪನ ಮಂಚದ ಮೇಲೆ ಸ್ವಲ್ಪ ಅಡ್ಡಾದರು. ತುಸು ಹೊತ್ತಿಗೆಲ್ಲ ಮೈ ಕೆರೆದುಕೊಳ್ಳುತ್ತ ಎದ್ದವರು ಊಟವನ್ನೂ ಮಾಡದೆ ಹೊರಟುಹೋದರು. ತಿಗಣೆಯಿಂದ ಸಂಬಂಧ ಮುರಿದುಬಿತ್ತು. ಹತ್ತಿ ಅಂಗಡಿಯ ಗುಮಾಸ್ತನಾಗಿದ್ದ ಗವಿಸಿದ್ದಪ್ಪನಿಗೆ ಮೂವತ್ತು ದಾಟಿತ್ತು. ಇನ್ನೊಂದು ತಪ್ಪಿದರೆ ಮದುವೆಯ ಆಸೆಯನ್ನೇ ಬಿಡಬೇಕಿತ್ತು.

ಇವತ್ತು ಮಧ್ಯಾಹ್ನ ಸಿರುಗುಪ್ಪದ ತಿಪ್ಪೇರುದ್ರಪ್ಪನವರು ತಮ್ಮ ಮಗಳು ಅಂಬಮ್ಮನಿಗಾಗಿ ಮನೆ ನೋಡಲು ಬರುವವರಿದ್ದರು. ಗವಿಸಿದ್ದಪ್ಪ ಮಂಚವನ್ನು ಬಳ್ಳಾರಿಯ ಉರಿಬಿಸಿಲಿಗೆ ಎಳೆದು ತಂದು, ಕುದಿಯುವ ನೀರಿನ ಕೊಡ ಎತ್ತಿದ.

"ಏ ತಮ್ಮಾ, ತಡಿಯೋ!" ಎದುರುಮನೆಯ ಚನ್ನವೀರಮ್ಮ ಓಡಿ ಬಂದಳು. "ಅವಕ್ಕೂ ಜೀವ ಐತಿ. ನೋವಾಗಂಗಿಲ್ಲೇನು?"

"ಕಚ್ಚಿಸಿಕೊಂಡ ನನಗ ನೋವಾಗಂಗಿಲ್ಲೇನವ್ವಾ?"

ಪಕ್ಕದ ಮನೆಯ ಜಂಬಣ್ಣ ಬಾಯಿ ಹಾಕಿದ. "ಹುಳಕ್ಕ ಎಲ್ಲೀ ನೋವು? ಆಗಿದ್ರ ಚೀರತಿತ್ತು."

"ಬಾರುಕೋಲು ಬಿದ್ರ ಎತ್ತು ಚೀರತೈತೇನು? ಅದಕ್ಕ ನೋವಿಲ್ಲೇನು?"

ಬಳ್ಳಾರಿ ಸೇರಬೇಕಾದದ್ದು ಮೈಸೂರಿಗೋ ಆಂಧ್ರಕ್ಕೋ ಎಂದು ಜಗಳವಾಡಿ ನಾಲಿಗೆ ಪಳಗಿಸಿಕೊಂಡಿದ್ದ ಓಣಿ ಗಳಿಗೆಯಲ್ಲಿ ಎರಡು ಪಕ್ಷವಾಯಿತು. ಜಂಬಣ್ಣ ಒಂದು ತಿಗಣೆಯನ್ನು ಹಿಡಿದು ಬಿಸಿನೀರಿನ ಕೊಡದ ಪಕ್ಕ ಬಿಟ್ಟ. ಅದು ತಿರುಗಿ ಓಟ ಕಿತ್ತಿತು.

"ನೋಡ್ರಿ, ನೋವಾಗಿ ಓಡ್ತು!" ಎಂದಳು ಚನ್ನವೀರಮ್ಮ.

"ಬಿಸಿ ಹತ್ತಿತಂತ ಓಡ್ತವ್ವ, ನೋವಾಗಿ ಅಲ್ಲ!"

ತೀರ್ಪು ಸಿಗಲಿಲ್ಲ. ನೀರು ಆರಿತು. ಅಷ್ಟರಲ್ಲಿ ಜಟಕಾ ಬಂದು ನಿಂತು, ತಿಪ್ಪೇರುದ್ರಪ್ಪನವರು ಇಳಿದರು.

"ಏನ್ರಿ ಇದು ಗದ್ದಲ?"

ಹುಡುಗನ ಮದುವೆಯಾಗಲೆಂಬ ಆಸೆ ಚನ್ನವೀರಮ್ಮನಿಗೂ ಇತ್ತು. "ತಿಗಣಿಗೂ ನೋವಾಗತೈತಿ, ನೀರು ಹಾಕಂಗಿಲ್ಲ ಅಂತ ಈ ಹುಡುಗ ಹಟ ಹಿಡದಾನ್ರಿ," ಎಂದು ನಾಚಿಕೆಯಿಲ್ಲದೆ ಸುಳ್ಳು ಹೇಳಿದಳು.

ಮುದುಕರ ಕಣ್ಣು ತುಂಬಿ ಬಂತು. "ತಿಗಣಿಗೆ ನೋಯಿಸದಾವ ನನ್ನ ಮಗಳಿಗೆ ನೋಯಿಸ್ತಾನೇನು? ಸಂಬಂಧ ಗಟ್ಟಿ ಆತು!"

ಗವಿಸಿದ್ದಪ್ಪನಿಗೆ ಆನಂದ ತಡೆಯಲಾಗಲಿಲ್ಲ. ತಿಗಣೆಗಳ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

"ನಮ್ಮ ಮನ್ಯಾಗೂ ಇದ ಪದ್ಧತಿರಿ," ಎಂದರು ಮಾವ. "ಮುತ್ಯಾನ ಕಾಲದ ಬೀಟಿ ಮಂಚ ಐತಿ. ಇವತ್ತಿನ ತನಕ ಅದಕ್ಕ ಒಂದು ಹನಿ ಬಿಸಿನೀರು ತಾಕಿಲ್ಲ. ಮಗಳ ಜೊತಿ ಅದನ್ನೂ ಕೊಡತೀನಿ."

ಗವಿಸಿದ್ದಪ್ಪನ ಬೆನ್ನು ಆಗಲೇ ತುರಿಸತೊಡಗಿತು.

ಮದುವೆಯಾಯಿತು. ಮಗಳನ್ನೂ ಮಂಚವನ್ನೂ ಮನೆಗೆ ಮುಟ್ಟಿಸಿ ಮಾವ ಗಾಡಿ ಹತ್ತಿದರು. ಅಂಬಮ್ಮ ಬಾಗಿಲಲ್ಲಿ ಇಣುಕಿ ಪಿಸುಗುಟ್ಟಿದಳು: "ಅಪ್ಪನ ಗಾಡಿ ಕಣ್ಮರಿ ಆತೇನ್ರಿ? ಹುಟ್ಟಿದಾಗಿಂದ ಕಚ್ಚಿಸಿಕೊಂಡೀನಿ. ನೀರು ಕಾಯಾಕ ಇಟ್ಟೀನಿ."

ಇಂಥ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯ ಎನಿಸಿತು ಅವನಿಗೆ. ಇಬ್ಬರೂ ಕೂಡಿ ಮಂಚವನ್ನು ಬಿಸಿಲಿಗೆ ಎಳೆದರು, ಕೊಡ ಎತ್ತಿದರು.

"ಏ ತಮ್ಮಾ, ತಡಿಯೋ!" ಚನ್ನವೀರಮ್ಮ ಕಟ್ಟೆಯ ಮೇಲೆ ಕಾವಲು ಕೂತಿದ್ದಳು. "ಮಂಚಕ್ಕ ಬಿಸಿನೀರು ಬೀಳದಂಗ ದಿನಾ ನೋಡ್ಕೋತೀನಿ ಅಂತ ನಿಮ್ಮ ಮಾವಗ ಮಾತು ಕೊಟ್ಟೀನಿ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಬೀಟೆ ಮಂಚವನ್ನು ತಿಗಣೆಗಳಿಗೆ ಬಿಟ್ಟುಕೊಟ್ಟು, ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತಿದರು.