ಸುರುಟಿ ಕಟ್ಟಿದ ಪಾಯಿ

ಎಂಬತ್ತಮೂರನೇ ಇಸವಿ, ತಮಿಳು ಪಂಚಾಂಗದ ಆನಿ ತಿಂಗಳು. ಸಿಂಗಾನಲ್ಲೂರಿನ ನೇಕಾರ ಲಿಂಗಸಾಮಿಗೆ ಕಷ್ಟ ಬಂದದ್ದು ಒಂದು ಕಾರ್ಡಿನಿಂದ. ಅದು ಬಂದ ದಿನವೇ ಸಂಜೆ ಮಗಳು ಮಲ್ಲಿಗಾಳನ್ನು ನೋಡಲು ಧಾರಾಪುರದಿಂದ ಕರುಪ್ಪಸಾಮಿ ಮನೆಯವರು ಬರುವವರಿದ್ದರು. ಅವರನ್ನು ಕೂರಿಸಲು ಮನೆಯಲ್ಲಿದ್ದದ್ದು ಇಲಿ ಕಡಿದ ಮೂರು ಪಾಯಿ. ಚಾಪೆಗೆ ಆ ಬೀದಿಯವರು ಹೇಳುತ್ತಿದ್ದದ್ದೇ ಪಾಯಿ ಅಂತ.

ಕಾರ್ಡು ಬರೆದವನು ಹೆಂಡತಿ ಪೊನ್ನಮ್ಮನ ತಮ್ಮ ಶಣ್ಮುಗಂ, ತೂತ್ತುಕುಡಿಯ ಕಡಲಲ್ಲಿ ತೋಣಿ ಓಡಿಸುವವನು. ಪಕ್ಕದ ಮನೆ ಕಾಮಾಕ್ಷಿಯಮ್ಮ ಕೇಳದೆಯೇ ಓದಿಬಿಟ್ಟಳು: “ಪಾಯೆಲ್ಲ ಸುರುಟಿ ಕಟ್ಟಾಯ್ತು. ಶುಕ್ರವಾರ ತಕ್ಕೊಂಡು ಬರ್ತೀನಿ.”

“ಇವತ್ತೇ ಶುಕ್ರವಾರ! ಹೊಸ ಪಾಯಿ ಬರ್ತಾ ಇರೋವಾಗ ಈ ಹರಕಲು ಯಾಕಣ್ಣಾ? ನಮ್ಮ ಎಮ್ಮೆಗಾದ್ರೂ ಆಯ್ತದೆ” ಎಂದು ಮೂರನ್ನೂ ಹೊತ್ತುಕೊಂಡು ಹೋದಳು. ಎಮ್ಮೆ ತಡಮಾಡದೆ ಮಲಗಿತು.

ಸಂಜೆ ಬೀಗರೂ ಶಣ್ಮುಗನೂ ಒಂದೇ ಬಸ್ಸಿನಿಂದ ಇಳಿದರು. ಶಣ್ಮುಗನ ಹೆಗಲ ಮೇಲೆ ಆನೆಮರಿಯಂಥ ಸುರುಳಿ.

“ಒಂದೇನಾ?” ಎಂದ ಲಿಂಗಸಾಮಿ.

“ಹರಿದದ್ದು ಇದೊಂದೇ ಮಾಮಾ. ನೀವು ನೇಯೋರು, ಹೊಲಿದು ಕೊಡ್ರಿ.”

“ಹರಿದ ಪಾಯಾ?”

“ಮಲಗೋ ಪಾಯಲ್ಲ ಮಾಮಾ, ತೋಣಿ ಪಾಯಿ! ಗಾಳಿ ಹಿಡಿಯೋದು. ನಮ್ಮಜ್ಜಿ ಹಾಯಿ ಅಂತಿರಲಿಲ್ವಾ, ಅದು!”

ಬೀಗರು ನಿಂತೇ ಇದ್ದರು. ಬೀದಿಯಲ್ಲಿ ಅದನ್ನೇ ಹಾಸದೆ ಬೇರೆ ದಾರಿಯಿರಲಿಲ್ಲ. “ಹಗ್ಗ ಬಿಚ್ಚು! ತುದಿ ಹಿಡಿ! ಎಳೆ!” ಎಂದು ಶಣ್ಮುಗಂ ಕೂಗಿದ. ಬೀದಿಯೇ ಸೇರಿ ಎಳೆಯಿತು. ಹಾಯಿ ನಾಲ್ಕು ಮನೆ ಬಾಗಿಲು ದಾಟಿತು. ಮೀನೆಣ್ಣೆಯ ವಾಸನೆ ಐದನೆಯದನ್ನೂ ದಾಟಿತು. ಬೀಗರು ಮೂಗು ಮುಚ್ಚಿಕೊಂಡು ಕೂತರು.

ಮಲ್ಲಿಗಾ ಕಾಫಿ ತಂದಳು, ಅಷ್ಟರಲ್ಲೇ ಪಾಲಕ್ಕಾಡು ಕಡೆಯ ಗಾಳಿ ನುಗ್ಗಿತು. ಹಾಯಿ ಪೂರಿಯಂತೆ ಉಬ್ಬಿತು. ಕರುಪ್ಪಸಾಮಿ ಕಾಫಿ ಲೋಟದ ಸಮೇತ ಗೇಣುದ್ದ ಮೇಲೆದ್ದು, ಧೊಪ್ಪನೆ ಕೆಳಗೆ ಬಂದರು.

“ಸುರುಟು! ಸುರುಟು!” ಎಂದು ಶಣ್ಮುಗಂ ಬೊಬ್ಬೆ ಹೊಡೆದ. ಪೊನ್ನಮ್ಮ ಅಳತೊಡಗಿದಳು. ಸಂಬಂಧ ಮುರಿಯಿತೆಂದು ಲಿಂಗಸಾಮಿ ಕಂಬಕ್ಕೊರಗಿದ.

ಕರುಪ್ಪಸಾಮಿ ಪಂಚೆ ಕೊಡವಿ ಎದ್ದು ಹಾಯಿಯನ್ನು ಮುಟ್ಟಿ ಮುಟ್ಟಿ ನೋಡಿದರು.

“ಹುಡುಗಿ ಒಪ್ಪಿಗೆ, ಸಂಬಂದೀ. ಹತ್ತು ಜನ ಬಂದು ದೇವರ ಕೋವಿಲಲ್ಲಿ ತಾಳಿ ಕಟ್ಸೋಣ ಅಂತಿದ್ದೆ. ಈ ಪಾಯಿ ನೋಡಿದ್ಮೇಲೆ ಮದುವೆ ನಿಮ್ಮ ಬಾಗಿಲಲ್ಲೇ. ಕೂರೋಕೂ ಆಯ್ತು, ಮೇಲೆ ಪಂದಲ್ ಚಪ್ಪರಕ್ಕೂ ಆಯ್ತು. ಇನ್ನೂರು ಜನ ಬರ್ತೀವಿ. ಬರೋ ಆವಣಿ ತಿಂಗಳು, ಹತ್ತನೇ ತಾರೀಕು.”

ಲಿಂಗಸಾಮಿ ಕೈಮುಗಿದ. ಆಗ ಶಣ್ಮುಗಂ ಅವನ ಕಿವಿಯ ಬಳಿ ಬಗ್ಗಿದ.

“ಬೇಗ ಹೊಲಿದುಬಿಡ್ರಿ ಮಾಮಾ. ಆವಣಿ ಒಂದಕ್ಕೆ ನಮ್ಮ ತೋಣಿ ಈ ಪಾಯಿ ಏರಿಸಿ ಕಡಲಿಗೆ ಹೊರಡ್ತದೆ.”